ಒಳಗಿವಿಯಲ್ಲಿ ಯಾವ ಕೋಶ ಏನಾಗಬೇಕು ಅಂತ ಹೇಗೆ ತೀರ್ಮಾನವಾಗುತ್ತದೆ?

ಮೊದಲು ಒಂದೇ ಥರ ಇರುವ ಕೋಶಗಳಲ್ಲಿ ಕೆಲವು ಮಾತ್ರ ಶಬ್ದ ಹಿಡಿಯುವ ಕೋಶ ಹೇಗಾಗುತ್ತವೆ, ಅದೂ ಇಷ್ಟು ನೀಟಾಗಿ ಸಾಲಲ್ಲಿ ಅಂತ ಕೇಳಿದ್ದೀರಿ. ನಾನು ಕೆಲಸ ಮಾಡುವುದು ಇದರ ಮೇಲೆಯೇ. ಅದಕ್ಕೆ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಒಳಗಿವಿಯ ಕಾಕ್ಲಿಯಾ ಅನ್ನೋ ಸುರುಳಿಯಲ್ಲಿ ಈ ಶಬ್ದ ಹಿಡಿಯುವ ಕೋಶಗಳು, ಅಂದರೆ ಹೇರ್ ಸೆಲ್‌ಗಳು, ಒಳಗಡೆ ಒಂದು ಸಾಲು, ಹೊರಗಡೆ ಮೂರು ಸಾಲು. ಮನುಷ್ಯರ ಒಂದು ಕಿವಿಯಲ್ಲಿ ಒಟ್ಟು ಸುಮಾರು 15,000 ಅಷ್ಟೇ. ಇವುಗಳ ನಡುವೆ ಆಸರೆ ಕೋಶಗಳು, ಚದುರಂಗದ ಮನೆಗಳ ಹಾಗೆ. ಎರಡೂ ಬರುವುದು ಒಂದೇ ಬಗೆಯ ಮೂಲ ಕೋಶಗಳಿಂದ.

ಅಟೋ1 ಅನ್ನೋ ಜೀನ್ ಜೋರಾದ ಕೋಶ ಹೇರ್ ಸೆಲ್ ಆಗುತ್ತದೆ. ಈ ಜೀನ್ ಇಲ್ಲದ ಇಲಿಗಳಲ್ಲಿ ಹೇರ್ ಸೆಲ್ ಹುಟ್ಟುವುದೇ ಇಲ್ಲ ಅಂತ 1999ರಲ್ಲಿ ಗೊತ್ತಾಯಿತು. ಹೀಗೆ ಮುಂದೆ ಹೋದ ಕೋಶ ತನ್ನ ಮೈಮೇಲೆ ಡೆಲ್ಟಾ, ಜ್ಯಾಗ್ಡ್2 ಅನ್ನೋ ಪ್ರೋಟೀನ್‌ಗಳನ್ನು ಹೊರಡಿಸುತ್ತದೆ. ಅವು ಪಕ್ಕದ ಕೋಶದ ನಾಚ್ ಪ್ರೋಟೀನಿಗೆ ಅಂಟುತ್ತವೆ. ಆಗ ನಾಚ್‌ನ ಒಳತುಂಡು ಕತ್ತರಿಸಿಕೊಂಡು ನ್ಯೂಕ್ಲಿಯಸ್‌ಗೆ ಹೋಗುತ್ತದೆ, ಅಲ್ಲಿ ಅಟೋ1 ಅನ್ನು ಅದುಮುವ ಜೀನ್‌ಗಳನ್ನು ಎಬ್ಬಿಸುತ್ತದೆ. ಪಕ್ಕದ್ದು ಆಸರೆ ಕೋಶವಾಗಿ ಉಳಿಯುತ್ತದೆ. ಜ್ಯಾಗ್ಡ್2 ಇಲ್ಲದ ಇಲಿಯಲ್ಲಿ ಹೇರ್ ಸೆಲ್‌ಗಳು ಜಾಸ್ತಿಯಾಗುತ್ತವೆ.

ನನಗೆ ಇಲ್ಲಿ ಅತ್ಯಂತ ಬೆರಗಿನ ವಿಷಯ ಬೇರೆ. ಇದೇ ನಾಚ್ ಇದಕ್ಕೂ ಮುಂಚೆ ಪೂರ್ತಿ ಉಲ್ಟಾ ಕೆಲಸ ಮಾಡುತ್ತದೆ. ಆಗ ಅದನ್ನು ತಟ್ಟುವುದು ಜ್ಯಾಗ್ಡ್1. ಅಕ್ಕಪಕ್ಕದವರನ್ನು ಬೇರೆ ಮಾಡುವ ಬದಲು ಒಂದೇ ಥರ ಮಾಡಿ, ಇಷ್ಟು ಜಾಗ ಕೇಳುವ ಅಂಗಾಂಶಕ್ಕೆ ಅಂತ ಕಾಯ್ದಿರಿಸುತ್ತದೆ. ಜ್ಯಾಗ್ಡ್1 ಕೈಕೊಟ್ಟರೆ ಆ ಜಾಗವೇ ಕುಗ್ಗುತ್ತದೆ. ಸಂದೇಶ ಅದೇ, ಕಾಲ ಬೇರೆ, ಅರ್ಥ ಬೇರೆ. 'ನಾಚ್ ಅಂದ್ರೆ ತಡೆ' ಅಂತ ಒಂದೇ ಸಾಲಲ್ಲಿ ಹೇಳುವ ವಿವರಣೆಗಳು ನನಗೆ ಸಾಲದು ಅನ್ನಿಸುವುದು ಇದಕ್ಕೇ.

ಹೇರ್ ಸೆಲ್ ತಲೆಯ ಮೇಲಿನ ಕೂದಲ ಕಟ್ಟು ಯಾವ ಕಡೆ ಮುಖ ಮಾಡಬೇಕು ಅನ್ನುವುದಕ್ಕೆ ಬೇರೆಯದೇ ವ್ಯವಸ್ಥೆ ಇದೆ. ವ್ಯಾಂಗ್ಲ್2 ಅನ್ನೋ ಜೀನ್ ಕೆಟ್ಟ ಇಲಿಗಳಲ್ಲಿ ಕಟ್ಟುಗಳು ದಿಕ್ಕು ತಪ್ಪುತ್ತವೆ.

ಕೋಳಿಯ ಕಿವಿಯಲ್ಲಿ ಸತ್ತ ಹೇರ್ ಸೆಲ್ ಆಸರೆ ಕೋಶಗಳಿಂದ ಮತ್ತೆ ಹುಟ್ಟುತ್ತದೆ ಅಂತ 1988ರಲ್ಲೇ ತೋರಿಸಿದ್ದಾರೆ. ನಮಗೆ ಅದಿಲ್ಲ. ಹಾಗಾದರೆ ನಾಚ್ ನಿಲ್ಲಿಸಿದರೆ ಸಾಕಲ್ವಾ? ಆಗಷ್ಟೇ ಹುಟ್ಟಿದ ಇಲಿಮರಿಯಲ್ಲಿ ಔಷಧಿಯಿಂದ ಹಾಗೆ ಮಾಡಿದರೆ ಆಸರೆ ಕೋಶಗಳು ಹೇರ್ ಸೆಲ್ ಆಗಲು ಹೊರಡುತ್ತವೆ. ಕೆಲವೇ ದಿನ ಕಳೆದರೆ ಅದೇ ಔಷಧಿಗೆ ಹೆಚ್ಚಾಗಿ ಸುಮ್ನೆ ಇರುತ್ತವೆ, ಏಕೆಂದರೆ ಅಷ್ಟರಲ್ಲಿ ಹೇರ್ ಸೆಲ್ ಜೀನ್‌ಗಳನ್ನು ಎಬ್ಬಿಸುವ ಡಿಎನ್‌ಎ ಸ್ವಿಚ್‌ಗಳೇ ಮುಚ್ಚಿಕೊಂಡಿರುತ್ತವೆ.