ಮುಂದೆ ಒಂದೇ ಮುಖ, ಹಿಂದೆ ನೂರೆಂಟು

ಪ್ರಶ್ನೆ: ಇಂಗ್ಲೆಂಡಿನ ಜಾರ್ಜಿಯನ್ ಟೆರೇಸ್ ಮನೆಗಳ ಫೋಟೊ ನೋಡಿದೆ. ಟೆರೇಸ್ ಅಂತಾರೆ, ತಾರಸಿಯೇ ಕಾಣುವುದಿಲ್ಲ! ಮೇಲೆ ಹೋದ ಹಾಗೆ ಕಿಟಕಿ ಚಿಕ್ಕದಾಗುತ್ತಾ ಹೋಗುವುದು ಯಾಕೆ?

ಉತ್ತರ: ತಾರಸಿ ಹುಡುಕಬೇಡಿ, ಆ ಟೆರೇಸೇ ಬೇರೆ. ಮನೆಗಳು ಗೋಡೆಗೆ ಗೋಡೆ ಅಂಟಿಕೊಂಡು ಸಾಲಾಗಿ ನಿಂತರೆ ಅಲ್ಲಿಯವರು ಟೆರೇಸ್ ಅನ್ನುತ್ತಾರೆ. 1714ರಿಂದ 1830ರವರೆಗೆ ಒಬ್ಬರಾದ ಮೇಲೆ ಒಬ್ಬರಂತೆ ನಾಲ್ವರು ಜಾರ್ಜ್ ರಾಜರು ಆಳಿದರಲ್ಲ, ಅದಕ್ಕೇ ಜಾರ್ಜಿಯನ್.

ಇನ್ನು ಕಿಟಕಿ. ಅದರ ಎತ್ತರ ನೋಡಿದರೆ ಸಾಕು, ಒಳಗೆ ಯಾರಿದ್ದರು ಅಂತ ಹೇಳಬಹುದು. ಮೊದಲ ಮಹಡಿಯ ಕಿಟಕಿಗಳೇ ಎಲ್ಲಕ್ಕಿಂತ ಉದ್ದ, ಯಾಕೆಂದರೆ ಬಂದವರನ್ನು ಕೂರಿಸುವ ದೊಡ್ಡ ಕೋಣೆ ಅಲ್ಲಿತ್ತು. ಅದರ ಕೆಳಗೆ, ಬೀದಿ ಮಟ್ಟದಲ್ಲಿ ಸಾಮಾನ್ಯವಾಗಿ ಊಟದ ಕೋಣೆ. ದೊಡ್ಡ ಕೋಣೆಯ ಮೇಲಿನ ಮಹಡಿಯಲ್ಲಿ ಮಲಗುವ ಕೋಣೆಗಳು. ತೀರಾ ಮೇಲೆ, ಸೂರಿನ ಕೆಳಗಿನ ಪುಟ್ಟ ಕಿಟಕಿಗಳ ಹಿಂದೆ ಮನೆಗೆಲಸದವರು. ಅಡುಗೆಮನೆ ಎಲ್ಲಿ ಅಂತೀರಾ? ನೆಲಮಾಳಿಗೆಯಲ್ಲಿ! ಅಂದರೆ ಅಟ್ಟದಲ್ಲಿ ಮಲಗಿದ ಹುಡುಗಿ ಬೆಳಗ್ಗೆ ಎದ್ದು ಅಷ್ಟೂ ಮೆಟ್ಟಿಲು ಇಳಿಯಬೇಕು, ಆಮೇಲೆ ಕಲ್ಲಿದ್ದಲು, ಬಿಸಿನೀರು ಹೊತ್ತು ಮತ್ತೆ ಹತ್ತಬೇಕು, ಬೂದಿ ಹೊತ್ತು ಇಳಿಯಬೇಕು. ಆ ಮನೆಗಳ ಅಂದವನ್ನು ಹೊಗಳುವಾಗ ನನಗೆ ಮೊದಲು ನೆನಪಾಗುವುದು ಅವಳ ಮಂಡಿ.

ಹೊರಗಿನಿಂದ ಬರುವ ಕಲ್ಲಿದ್ದಲು ಮಾತ್ರ ನೆಲಮಾಳಿಗೆಗೆ ಮನೆಯೊಳಗಿಂದ ಹೋಗುತ್ತಿರಲಿಲ್ಲ. ಬೀದಿಬದಿಯ ಕಲ್ಲುಹಾಸಿನಲ್ಲಿ ತಟ್ಟೆಯಷ್ಟಗಲದ ಕಬ್ಬಿಣದ ಮುಚ್ಚಳ ಇರುತ್ತದೆ, ಅದನ್ನು ತೆಗೆದು ಸುರಿದರೆ ನೇರ ಕೆಳಗಿನ ಗೂಡಿಗೆ. ಲಂಡನ್ನಿನಲ್ಲಿ ಆ ಮುಚ್ಚಳಗಳು ಈಗಲೂ ಕಾಲಿಗೆ ಸಿಗುತ್ತವೆ.

ಪ್ರಶ್ನೆ: ಕೆಲವು ಕಿಟಕಿಗಳಿಗೆ ಇಟ್ಟಿಗೆ ಕಟ್ಟಿ ಮುಚ್ಚಿದ್ದಾರೆ. ಕಿಟಕಿ ತೆರಿಗೆ ತಪ್ಪಿಸಿಕೊಳ್ಳಲಂತೆ, ನಿಜವೇ?

ಉತ್ತರ: ಅರ್ಧ ನಿಜ. 1696ರಲ್ಲಿ ಬಂದ ಆ ತೆರಿಗೆ 1851ರವರೆಗೂ ಇತ್ತು, ಮುಚ್ಚಿದವರೂ ಇದ್ದರು. ಆದರೆ ಎಷ್ಟೋ ಕುರುಡು ಕಿಟಕಿಗಳು ಹುಟ್ಟಾ ಕುರುಡು. ಹಿಂದೆ ಹೊಗೆಗೂಡಿನ ಕೊಳವೆಯೋ ಅಡ್ಡಗೋಡೆಯೋ ಬಂದಿರುತ್ತದೆ, ಆದರೂ ಹೊರಗಿನ ಸಾಲು ತಪ್ಪಬಾರದು ಅಂತ ಸುಮ್ನೆ ಕಿಟಕಿಯ ಆಕಾರ ಮಾಡಿರುತ್ತಾರೆ. ಹತ್ತಿರ ಹೋಗಿ ಇಟ್ಟಿಗೆ ನೋಡಿ. ಸುತ್ತಲಿನ ಗೋಡೆಯದ್ದೇ ಬಣ್ಣ, ಅದೇ ಅಳತೆ ಇದ್ದರೆ ಮೊದಲಿಂದಲೂ ಹಾಗೇ ಇದ್ದಿರಬಹುದು. ಬೇರೆ ಥರ ಇದ್ದರೆ ಆಮೇಲೆ ಮುಚ್ಚಿದ್ದು.

ಹೊರಗಿನ ಚಂದದ ಹುಚ್ಚು ಎಷ್ಟಿತ್ತು ಅನ್ನುವುದಕ್ಕೆ ಬಾತ್ ಊರಿನ ರಾಯಲ್ ಕ್ರೆಸೆಂಟ್ ನೋಡಬೇಕು. ವಾಸ್ತುಶಿಲ್ಪಿ ಕಿರಿಯ ಜಾನ್ ವುಡ್ 1767ರಿಂದ 1774ರ ನಡುವೆ ಕಟ್ಟಿಸಿದ 30 ಮನೆಗಳ ಅರ್ಧಚಂದ್ರ, ಮುಂದಿನಿಂದ ಒಂದೇ ಅರಮನೆ ಥರ ಕಾಣುತ್ತದೆ. ಅವನು ಕೊಟ್ಟಿದ್ದು ಆ ಮುಖ ಮಾತ್ರ. ಹಿಂದಿನದನ್ನು ಕೊಂಡವರು ತಮ್ಮ ತಮ್ಮ ಮೇಸ್ತ್ರಿಗಳಿಂದ ಕಟ್ಟಿಸಿಕೊಂಡರು. ಹಿತ್ತಲ ಕಡೆ ಹೋದರೆ ಒಂದು ಮನೆ ಮುಂದೆ ಚಾಚಿದೆ, ಇನ್ನೊಂದು ಒಳಗೆ ಸರಿದಿದೆ, ಕಿಟಕಿಗೂ ಕಿಟಕಿಗೂ ತಾಳವಿಲ್ಲ. ನನಗಂತೂ ಆ ಬೆನ್ನೇ ಜಾಸ್ತಿ ಇಷ್ಟ.

ಪ್ರಶ್ನೆ: ಮೇಲಕ್ಕೆ ಎತ್ತುವ ಆ ಕಿಟಕಿ ಬೀಳದೆ ನಿಲ್ಲುವುದು ಹೇಗೆ?

ಉತ್ತರ: ಬಾವಿಯ ರಾಟೆ ನೆನೆಸಿಕೊಳ್ಳಿ. ಗಾಜಿನ ಚೌಕಟ್ಟಿನ ಎರಡೂ ಬದಿಗೆ ಹಗ್ಗ. ಅದು ಮೇಲಿನ ಪುಟ್ಟ ರಾಟೆ ಹಾದು ಪಕ್ಕದ ಮರದ ಪೆಟ್ಟಿಗೆಯೊಳಗೆ ಇಳಿಯುತ್ತದೆ, ತುದಿಗೆ ಕಬ್ಬಿಣದ ಇಲ್ಲವೇ ಸೀಸದ ತೂಕ. ಚೌಕಟ್ಟಿನ ಭಾರಕ್ಕೂ ತೂಕಕ್ಕೂ ಸರಿಹೋಗುವುದರಿಂದ ಬಿಟ್ಟಲ್ಲೇ ನಿಲ್ಲುತ್ತದೆ. ಬೆಂಕಿಯ ಭಯಕ್ಕೆ ಲಂಡನ್ನಿನ 1774ರ ಕಟ್ಟಡ ಕಾಯ್ದೆ ಆ ಪೆಟ್ಟಿಗೆಯನ್ನು ಇಟ್ಟಿಗೆಯ ಹಿಂದೆ ಸರಿಸಿತು. ಅದಕ್ಕೇ ಆಮೇಲಿನ ಮನೆಗಳಲ್ಲಿ ಹೊರಗಿನಿಂದ ಕಾಣುವುದು ತೆಳ್ಳನೆ ಮರದ ಗೆರೆ ಅಷ್ಟೇ. ಹಗ್ಗ ಹಳೆಯದಾಗಿ ಕಿತ್ತರೆ ಮಾತ್ರ ಕಿಟಕಿ ದಡ್ ಅಂತ ಬೀಳುತ್ತದೆ, ಬೆರಳು ಜೋಪಾನ!