ಹಿರಿಯ ನಾಯಿಯನ್ನು ಕಟ್ಟಬೇಡಿ, ಮರಿಗೆ ಅಡ್ಡ ಹಾಕಿ

ಜಮಖಂಡಿಯ ಸಹೋದರರೇ, ನಮ್ಮ ನಾಯಿ ಸಾಕುವವರ ಗುಂಪಿನಲ್ಲಿ ನೀವು ಹಾಕಿರುವ ವಿಡಿಯೋವನ್ನೂ ಅದರ ಕೆಳಗೆ ಬಂದಿರುವ ಸಲಹೆಗಳನ್ನೂ ನೋಡಿದೆ. ಎರಡು ತಿಂಗಳ ಮುಧೋಳ ಮರಿಯನ್ನು ತಂದ ದಿನವೇ ಎಂಟು ವರ್ಷದ ನಾಯಿಯ ಗಂಗಾಳದ ಮುಂದೆ ಬಿಟ್ಟಿದ್ದೀರಿ. ಅದು ಗುರ್ರೆಂದಿತೆಂದು ಚಪ್ಪಲಿಯಿಂದ ಹೊಡೆದು ಹಿತ್ತಲಲ್ಲಿ ಕಟ್ಟಿದ್ದೀರಿ. ಈಗ ಹಳೆಯದನ್ನು ಹೊಲಕ್ಕೆ ಕಳಿಸಿಬಿಡಲೇ ಎಂದು ಕೇಳುತ್ತಿದ್ದೀರಿ. ಕಳಿಸಬೇಡಿ. ಇದೇ ತಪ್ಪು ಒಮ್ಮೆ ನಮ್ಮ ಮನೆಯಲ್ಲೂ ನಡೆದಿದೆ, ಅದನ್ನು ಸರಿಪಡಿಸಿದ್ದೂ ಆಗಿದೆ, ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ. ಮರಿಯ ಆಯ್ಕೆ, ಬಣ್ಣ, ಹೆಸರು ಇವುಗಳ ಚರ್ಚೆ ಗುಂಪಿನಲ್ಲಿ ಬೇಕಾದಷ್ಟು ಆಗಿರುವುದರಿಂದ ಅದನ್ನೆಲ್ಲ ಬಿಡುತ್ತೇನೆ.

ನಿಮ್ಮ ವಿಡಿಯೋವನ್ನು ಇನ್ನೊಮ್ಮೆ, ಈ ಸಲ ಮರಿಯನ್ನು ಬಿಟ್ಟು ಹಿರಿಯ ನಾಯಿಯನ್ನಷ್ಟೇ ನೋಡಿ. ಮರಿ ಹತ್ತಿರ ಬಂದಾಗ ಅದು ಮೊದಲು ಗೋಡೆಯ ಕಡೆ ಮುಖ ತಿರುಗಿಸಿತು, ಆಮೇಲೆ ಎರಡು ಸಲ ತುಟಿ ನೆಕ್ಕಿಕೊಂಡಿತು, ಬಳಿಕ ಗಂಗಾಳದ ಮೇಲೆ ಬಾಗಿ ಮೈ ಬಿಗಿ ಮಾಡಿತು. ಇಷ್ಟಾದರೂ ಮರಿ ಬಗ್ಗದಿದ್ದಾಗ ಮಾತ್ರ ಗುರ್ರೆಂದಿತು. ಕಚ್ಚಲಿಲ್ಲ. ನನ್ನ ಲೆಕ್ಕದಲ್ಲಿ ಅಷ್ಟು ಸಹನೆ ತೋರಿದ ನಾಯಿಗೆ ಅಂದು ಸಿಗಬೇಕಾದದ್ದು ಮೆಚ್ಚುಗೆ, ಚಪ್ಪಲಿಯೇಟಲ್ಲ. ಗುರ್ರೆನ್ನುವುದನ್ನು ಹೊಡೆದು ಬಿಡಿಸಿದರೆ ಅದರ ಸಿಟ್ಟು ಹೋಗುವುದಿಲ್ಲ, ಎಚ್ಚರಿಕೆ ಕೊಡುವ ಅಭ್ಯಾಸ ಮಾತ್ರ ಹೋಗುತ್ತದೆ, ಮುಂದಿನ ಸಲ ಅದು ಸದ್ದಿಲ್ಲದೆ ನೇರ ಬಾಯಿ ಹಾಕುತ್ತದೆ.

ನಮ್ಮಲ್ಲಿ ಆದದ್ದೂ ಅದೇ. ಆಗ ತೋಟದ ಮನೆಯಲ್ಲಿ ಮೋತಿ ಎಂಬ ವಯಸ್ಸಾದ ಮುಧೋಳ ಹೆಣ್ಣು ನಾಯಿಯೂ ಕಾಳ್ಯಾ ಎಂಬ ಜವಾರಿ ನಾಯಿಯೂ ಇದ್ದವು. ಗುಂಡ್ಯಾ ಎಂಬ ಮರಿಯನ್ನು ತಂದ ಸಂಜೆ ಮಕ್ಕಳು ಅವನನ್ನು ಮೋತಿಯ ಕೌದಿಯ ಮೇಲೆಯೇ ಮಲಗಿಸಿದರು, ಅವಳು ಗುರ್ರೆಂದಾಗಲೆಲ್ಲ ಎಲ್ಲರೂ ಗದರಿದೆವು. ಅವಳು ಗುರ್ರೆನ್ನುವುದನ್ನು ಬಿಟ್ಟದ್ದನ್ನು ಕಂಡು ಹೊಂದಿಕೊಂಡಳೆಂದು ಸಂತೋಷಪಟ್ಟೆವು. ಮರುದಿನ ಯಾವ ಸದ್ದೂ ಇಲ್ಲದೆ ಅವನ ಕಿವಿ ಕಚ್ಚಿದಳು. ಎಡಗಿವಿಯ ಅಂಚಿನಲ್ಲಿ ಬಿದ್ದ ಆ ಕಚ್ಚು ಅವನು ದೊಡ್ಡವನಾದ ಮೇಲೂ ಹಾಗೆಯೇ ಉಳಿಯಿತು.

ಆ ಮೇಲೆ ಕೈ ಹಿಡಿದದ್ದು ಹೊರಸು, ಎಂದರೆ ಹಗ್ಗ ಹೆಣೆದ ಮಂಚ. ಹಳೆಯ ಹಗ್ಗದ ಹೊರಸನ್ನು ಪಡಸಾಲೆಗೂ ಅಡುಗೆಮನೆಗೂ ನಡುವಿನ ಬಾಗಿಲಿಗೆ ಅಡ್ಡಲಾಗಿ, ಅಂಚಿನ ಮೇಲೆ ನಿಲ್ಲಿಸಿದೆವು. ಮರಿ ಅಡುಗೆಮನೆಯ ಕಡೆ, ಹಿರಿಯ ನಾಯಿಗಳು ಎಂದಿನಂತೆ ಪಡಸಾಲೆ, ಅಂಗಳ, ಕಟ್ಟೆ ಎಲ್ಲೆಂದರಲ್ಲಿ. ಈ ಉಪಾಯದ ಜೀವಾಳ ಇರುವುದೇ ಇಲ್ಲಿ: ಓಡಾಟಕ್ಕೆ ತಡೆ ಬೀಳಬೇಕಾದದ್ದು ಹೊಸದಾಗಿ ಬಂದ ಮರಿಗೆ, ಮನೆಯನ್ನು ಇಷ್ಟು ವರ್ಷ ಕಾಯ್ದ ನಾಯಿಗಲ್ಲ. ಹಗ್ಗದ ಹೆಣಿಗೆಯ ಸಂದಿನಲ್ಲಿ ಮೂಗು ತೂರುತ್ತದೆ, ಬಾಯಿ ಹಾಕಲು ಬರುವುದಿಲ್ಲ. ಕಾಣುತ್ತದೆ, ವಾಸನೆ ಸಿಗುತ್ತದೆ, ಬೇಡವೆನಿಸಿದರೆ ಎದ್ದು ಹೋಗುವ ಸ್ವಾತಂತ್ರ್ಯ ಹಿರಿಯದಕ್ಕೆ ಉಳಿಯುತ್ತದೆ. ಮೊದಲು ಮೋತಿ ಆ ಬಾಗಿಲಿನ ಕಡೆ ಬೆನ್ನು ಹಾಕಿಯೇ ಮಲಗುತ್ತಿದ್ದಳು. ಆಮೇಲೆ ಹೋಗುತ್ತ ಬರುತ್ತ ಒಂದು ಗಳಿಗೆ ನಿಂತು ಮೂಸುವುದು ಶುರುವಾಯಿತು. ಕೊನೆಕೊನೆಗೆ ಹೊರಸಿಗೆ ಒರಗಿಯೇ ಮಲಗತೊಡಗಿದಳು, ಆ ಕಡೆಯಿಂದ ಗುಂಡ್ಯಾ ಹಗ್ಗದ ಸಂದಿನಲ್ಲಿ ನಾಲಿಗೆ ತೂರಿಸಿ ಅವಳ ಕಿವಿ ನೆಕ್ಕಿ ನೆಕ್ಕಿ ಅಲ್ಲಿನ ಹಗ್ಗವೆಲ್ಲ ಒದ್ದೆಯಾಗಿರುತ್ತಿತ್ತು. ಹೊರಸು ತೆಗೆದದ್ದು ಅದಾದ ಮೇಲೆ, ಅದೂ ನಾವು ಎದುರಿಗಿದ್ದಾಗ ಮಾತ್ರ, ಸ್ವಲ್ಪ ಸ್ವಲ್ಪ ಹೊತ್ತು.

ಇದನ್ನು ಮಾಡುವವರು ಕೆಲವು ಸಂಗತಿ ಗಮನಿಸಬೇಕು. ಹೆಣಿಗೆ ಸಡಿಲಾದ ಹೊರಸಾದರೆ ಮರಿ ತಲೆ ತೂರಿಸಿ ಸಿಕ್ಕಿಹಾಕಿಕೊಳ್ಳುತ್ತದೆ, ಆದ್ದರಿಂದ ಮೊದಲು ಹಗ್ಗ ಬಿಗಿದುಕೊಳ್ಳಿ. ನವಾರದ ಮಂಚ ಬೇಡ, ಅದರಲ್ಲಿ ಸಂದು ಇರುವುದಿಲ್ಲ, ಕಾಣದಿದ್ದರೆ ಹೊಂದಾಣಿಕೆಯೂ ಆಗುವುದಿಲ್ಲ. ಹೊರಸಿನ ಕಾಲುಗಳು ಹಿರಿಯ ನಾಯಿಯ ಕಡೆ ಇರಲಿ, ಇಲ್ಲವಾದರೆ ಮರಿ ಅವನ್ನು ಹತ್ತಿ ದಾಟಲು ನೋಡುತ್ತದೆ. ಚೌಕಟ್ಟಿಗೆ ಹಗ್ಗದಿಂದ ಕಟ್ಟದೆ ಸುಮ್ಮನೆ ಆನಿಸಿ ನಿಲ್ಲಿಸಿದರೆ ಒಂದು ದಿನ ಮರಿಯ ಮೇಲೆಯೇ ಬೀಳುತ್ತದೆ. ಬೆಳಗಾವಿಯ ಅಪಾರ್ಟ್‌ಮೆಂಟಿನವರು ಹೊರಸು ಎಲ್ಲಿಂದ ತರುವುದೆಂದು ಕೇಳಬೇಡಿ, ಕಬ್ಬಿಣದ ಜಾಳಿಗೆಯ ಅರ್ಧ ಬಾಗಿಲು ಮಾಡಿಸಿದರೂ ನಡೆಯುತ್ತದೆ. ಮರಿಗೆ ಹಲ್ಲು ಬೀಳುವ ಕಾಲದಲ್ಲಿ, ಎಂದರೆ ನಾಲ್ಕರಿಂದ ಆರು ತಿಂಗಳ ನಡುವೆ, ಹಗ್ಗ ಉಳಿಯುವುದಿಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ. “ಮಲಗಾಕ ಒಂದ ಹೊರಸ ಇತ್ತು, ಅದನ್ನೂ ತಿಂದ ಹಾಕಿತ ನಿಮ್ಮ ಮರಿ” ಎಂದು ನಮ್ಮ ಅವ್ವ ಬಹಳ ಕಾಲ ಗೊಣಗುತ್ತಿದ್ದಳು.

ಹೊರಸಿನ ಜೊತೆಗೆ ಕೌದಿಯ ಅದಲು ಬದಲು ಮಾಡಿ. ಮರಿ ಮಲಗಿದ ಕೌದಿಯ ತುಂಡನ್ನು ಹಿರಿಯ ನಾಯಿ ಓಡಾಡುವ ಜಾಗದಲ್ಲಿ ಹಾಕಿ, ಅದರದ್ದನ್ನು ಮರಿಗೆ ಕೊಡಿ, ತೊಳೆಯಬೇಡಿ. ಹಾಕುವಾಗ ಹಿರಿಯದರ ಹಾಸಿಗೆಯ ಮೇಲೆಯೇ ಹಾಕಬೇಡಿ, ಪಕ್ಕದಲ್ಲಿ ಬಿಡಿ, ಮೂಸುವುದೂ ಬಿಡುವುದೂ ಅದರ ಇಷ್ಟ.

ಇಬ್ಬರನ್ನೂ ಮನೆಯ ಹೊರಗೆ ಒಟ್ಟಿಗೆ ಸುತ್ತಾಡಿಸುವುದು ಬಹಳ ಒಳ್ಳೆಯ ಉಪಾಯ, ಏಕೆಂದರೆ ಕಾಲುವೆಯ ರಸ್ತೆ ಯಾರದ್ದೂ ಅಲ್ಲ, ಅಲ್ಲಿ ಕಾಯಬೇಕಾದ ಗಂಗಾಳವೂ ಕೌದಿಯೂ ಇರುವುದಿಲ್ಲ. ಆದರೆ ಲಸಿಕೆಗಳು ಮುಗಿಯುವ ತನಕ ಮರಿಯನ್ನು ಅಲ್ಲಿ ನೆಲಕ್ಕೆ ಬಿಡಬೇಡಿ, ಎತ್ತಿಕೊಂಡು ನಡೆಯಿರಿ. ಮರಿಗಳಿಗೆ ವಾಂತಿ, ರಕ್ತಭೇದಿ ತರುವ ಪಾರ್ವೋ ವೈರಾಣು ಮಣ್ಣಿನಲ್ಲಿ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತದೆ, ಅದಕ್ಕೆ ಫಿನಾಯಿಲ್ ಅನ್ನು ನಂಬಿ ಕೂಡಬೇಡಿ. ನೆಲ ತೊಳೆದ ಮೇಲೆ ಒಂದು ಪಾಲು ಬ್ಲೀಚ್ ದ್ರವಕ್ಕೆ 30 ಪಾಲು ನೀರು ಬೆರೆಸಿ ಹಾಕಿ, 10 ನಿಮಿಷ ಬಿಟ್ಟು ಮತ್ತೆ ತೊಳೆಯಿರಿ. ಆರರಿಂದ ಎಂಟು ವಾರಕ್ಕೆ ಶುರುವಾದ ಚುಚ್ಚುಮದ್ದು ಮೂರು ನಾಲ್ಕು ವಾರಕ್ಕೊಮ್ಮೆ 16 ವಾರದವರೆಗೂ ಮುಂದುವರಿಯಬೇಕು, ಒಂದು ಹಾಕಿಸಿ ಕಾರ್ಡು ಕಪಾಟಿನಲ್ಲಿ ಇಟ್ಟರೆ ಪ್ರಯೋಜನವಿಲ್ಲ. ನಿಮ್ಮ ಹಿರಿಯ ನಾಯಿಗೆ ಕೊನೆಯ ಲಸಿಕೆ ಯಾವಾಗ ಆಯಿತು ಎಂಬುದನ್ನು ಇಲ್ಲಿ ಯಾರೂ ಕೇಳಲೇ ಇಲ್ಲ. ಅದನ್ನೂ ನೋಡಿಕೊಳ್ಳಿ, ಜಂತಿನ ಔಷಧವನ್ನೂ ಇಬ್ಬರಿಗೂ ಒಂದೇ ದಿನ ಕೊಡಿ.

“ಒಂದು ರಾತ್ರಿ ಒಂದೇ ಕೋಣೆಯಲ್ಲಿ ಕೂಡಿ ಹಾಕಿ, ಬೆಳಗಾಗುವುದರೊಳಗೆ ತಾವೇ ಸರಿಯಾಗುತ್ತವೆ” ಎಂದು ಒಬ್ಬರು ಬರೆದಿದ್ದಾರೆ, ಇನ್ನೊಬ್ಬರು ಹಿರಿಯ ನಾಯಿಯ ದೊಡ್ಡಸ್ತಿಕೆ ಉಳಿಯಲೆಂದು ಮರಿಯನ್ನು ಅದರ ಮುಂದೆ ಅಂಗಾತ ಒತ್ತಿ ಹಿಡಿಯಲು ಹೇಳಿದ್ದಾರೆ. ದಯವಿಟ್ಟು ಇಂಥವನ್ನು ಬರೆಯುವ ಮೊದಲು ಯೋಚಿಸಿ. ಮೊದಲನೆಯದರಲ್ಲಿ ಬೆಳಗಾಗುವುದರೊಳಗೆ ಮರಿಯ ಜೀವವೇ ಹೋಗಬಹುದು. ಎರಡನೆಯದರಿಂದ ಮರಿ ಕಲಿಯುವುದು ನಿಮ್ಮ ಕೈಗೆ ಹೆದರುವುದನ್ನು ಮಾತ್ರ.

ಊಟದ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಬಹುಪಾಲು ಜಗಳ ಹುಟ್ಟುವುದು ಅಲ್ಲಿಯೇ. ಒಂದೇ ಗಂಗಾಳ, ಒಂದೇ ಜಾಗ ಎಂಬುದು ಫೋಟೋಕ್ಕೆ ಚೆಂದ. ಬೇರೆ ಬೇರೆ ಕೋಣೆಯಲ್ಲಿ ಹಾಕಿ, ಉಂಡಾದ ಕೂಡಲೇ ಪಾತ್ರೆಗಳನ್ನು ಎತ್ತಿಬಿಡಿ, ಎಲುಬು ಹಾಕುವುದಂತೂ ಇಬ್ಬರೂ ಒಂದೇ ಕಡೆ ಇರುವಾಗ ಬೇಡವೇ ಬೇಡ. ಎರಡರಿಂದ ಮೂರು ತಿಂಗಳ ಮರಿಗೆ ದಿನಕ್ಕೆ ನಾಲ್ಕು ಊಟ, ಆರು ತಿಂಗಳವರೆಗೆ ಮೂರು, ಆ ಮೇಲೆ ಎರಡು. ಮರಿಗೆ ಹಾಕಿದಾಗಲೆಲ್ಲ ಹಿರಿಯದೂ ಬಂದು ನಿಲ್ಲುತ್ತದೆ, ಅದನ್ನು ಗದರಿ ಓಡಿಸುವ ಬದಲು ಒಂದು ಚೂರು ರೊಟ್ಟಿಯನ್ನಾದರೂ ಅದರ ಜಾಗದಲ್ಲಿ ಕೊಡಿ. ಮರಿ ಉಣ್ಣುವ ಹೊತ್ತು ತನಗೂ ಏನೋ ಸಿಗುವ ಹೊತ್ತು ಎಂದು ಅದಕ್ಕೆ ತಿಳಿಯಬೇಕು.

ಅಂಗಡಿಯ ಆಹಾರದಲ್ಲಿ ಪೆಡಿಗ್ರಿಯೋ ಡ್ರೂಲ್ಸೋ ರಾಯಲ್ ಕ್ಯಾನಿನ್ನೋ ಎಂಬ ವಾದ ಈ ಗುಂಪಿನಲ್ಲಿ ಮುಗಿಯುವುದೇ ಇಲ್ಲ. ಕೈಗೆಟುಕುವ ಬೆಲೆಯದ್ದು, ಮರಿಗಳಿಗೆಂದೇ ಚೀಲದ ಮೇಲೆ ಬರೆದಿರುವುದು, ನಿಮ್ಮ ಮರಿಗೆ ಹೇಲು ಗಟ್ಟಿ ಬರುವಂಥದ್ದು ಆದರೆ ಅದೇ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಹಳೆಯದರಿಂದ ಹೊಸದಕ್ಕೆ ಬದಲಿಸುವಾಗ ಒಂದು ವಾರ ಬೆರೆಸಿ ಬೆರೆಸಿ ಬದಲಿಸಿ. ಮನೆಯ ಊಟವೇ ಹಾಕುವುದಾದರೆ ಮಜ್ಜಿಗೆಯಲ್ಲಿ ನೆನೆಸಿದ ಜೋಳದ ರೊಟ್ಟಿಯೊಂದೇ ಬೆಳೆಯುವ ಮರಿಗೆ ಸಾಲದು, ಬೇಯಿಸಿದ ಮೊಟ್ಟೆಯೋ ಕೋಳಿಯೋ ಇರಲಿ. ಹುಳಿಯಲ್ಲಿನ ಉಳ್ಳಾಗಡ್ಡಿ, ಬೆಳ್ಳುಳ್ಳಿ ನಾಯಿಗೆ ವಿಷ. ಕಾಲು ಸೊಟ್ಟಾದೀತೆಂದು ಮರಿಯ ಆಹಾರದ ಮೇಲೆ ಮತ್ತೆ ಕ್ಯಾಲ್ಸಿಯಂ ಸಿರಪ್ ಸುರಿಯುವುದನ್ನು ಮಾತ್ರ ನಿಲ್ಲಿಸಿ, ಉದ್ದ ಕಾಲಿನ ತಳಿಗಳಲ್ಲಿ ಅತಿಯಾದ ಕ್ಯಾಲ್ಸಿಯಮ್ಮಿನಿಂದಲೇ ಎಲುಬಿನ ಬೆಳವಣಿಗೆ ಕೆಡುತ್ತದೆ.

ಹೊಂದಿಕೊಂಡ ಮೇಲೆ ಹಿರಿಯ ನಾಯಿ ಮಾಡುವ ಕೆಲಸವನ್ನು ನಾವು ಯಾರೂ ಮಾಡಲಾರೆವು. ಕಚ್ಚಾಟದ ಆಟದಲ್ಲಿ ಎಷ್ಟು ಬಿಗಿಯಾಗಿ ಕಚ್ಚಬಹುದು ಎಂಬುದನ್ನು ಗುಂಡ್ಯಾನಿಗೆ ಕಲಿಸಿದವಳು ಮೋತಿಯೇ. ಅವನು ಮಿತಿ ಮೀರಿದರೆ ಆಟ ಅಲ್ಲಿಗೇ ನಿಲ್ಲಿಸಿ ಕಟ್ಟೆ ಹತ್ತಿ ಕೂಡುತ್ತಿದ್ದಳು, ಅವನು ಕೆಳಗೆ ನಿಂತು ಕುಂಯ್ಗುಟ್ಟಿ ಸುಮ್ಮನಾದ ಮೇಲೆ ತಾನೇ ಇಳಿದು ಬಂದು ಮುಂಗಾಲು ಚಾಚಿ, ಹಿಂಭಾಗ ಎತ್ತಿ ಆಟಕ್ಕೆ ಕರೆಯುತ್ತಿದ್ದಳು. ಆ ವಯಸ್ಸಿನಲ್ಲಿ ಅವಳು ಹಾಗೆ ಬಾಗಿದ್ದನ್ನು ನೋಡಿ ನಮ್ಮಪ್ಪ ಉಣ್ಣುವುದನ್ನು ಬಿಟ್ಟು ಎದ್ದು ಬಂದಿದ್ದರು. ಕಾಳ್ಯಾನದ್ದು ಬೇರೆ ಪಾಠ. ಸಂಜೆ ಅವನು ಬೇಲಿಯುದ್ದಕ್ಕೂ ಒಂದು ಸುತ್ತು ಹಾಕುವಾಗ ಮರಿ ಹಿಂದೆಯೇ ಹೋಗುತ್ತಿತ್ತು. ಅವನು ನಿಂತರೆ ನಿಲ್ಲುತ್ತಿತ್ತು, ಅವನು ಮೂಸಿದ ಕಲ್ಲನ್ನೇ ಮೂಸುತ್ತಿತ್ತು, ಅವನಂತೆ ಕಾಲೆತ್ತಲು ಹೋಗಿ ಪಕ್ಕದ ಬದುವಿಗೆ ಉರುಳುತ್ತಿತ್ತು.

ಇದರ ಇನ್ನೊಂದು ಮುಖವೂ ಇದೆ. ಮರಿ ಒಳ್ಳೆಯದನ್ನಷ್ಟೇ ಆರಿಸಿ ಕಲಿಯುವುದಿಲ್ಲ. ಕಾಳ್ಯಾನಿಗೆ ಬೈಕುಗಳನ್ನು ಅಟ್ಟುವ ಚಟವಿತ್ತು, ಗುಂಡ್ಯಾ ಅದನ್ನೂ ಕಲಿತ, ಅವನ ಓಟಕ್ಕೆ ಕಾಳ್ಯಾನೇ ಹಿಂದೆ ಬೀಳತೊಡಗಿದ. ನಿಮ್ಮ ಹಿರಿಯದಕ್ಕೆ ಇಂಥ ಚಟವಿದ್ದರೆ ಆ ಹೊತ್ತಿಗೆ ಮರಿಯನ್ನು ಜೊತೆಗೆ ಬಿಡಬೇಡಿ, ಕಬ್ಬಿನ ಹಂಗಾಮಿನಲ್ಲಿ ಟ್ರ್ಯಾಕ್ಟರುಗಳು ಓಡಾಡುವ ರಸ್ತೆಯಂಚಿನ ಮನೆಯವರಂತೂ ಸಂಜೆ ಹೊತ್ತು ಇಬ್ಬರನ್ನೂ ಒಳಗೆ ಇಟ್ಟುಕೊಳ್ಳಿ. ಮುಧೋಳ ನಾಯಿ ಅಂಚೆ ಚೀಟಿಯ ಮೇಲೆ 2005ರಲ್ಲಿ ಬಂತು, ಸೇನೆಯವರೂ ಮರಿಗಳನ್ನು ಒಯ್ದು ತರಬೇತಿ ಕೊಟ್ಟರು ಎಂಬ ಹೆಮ್ಮೆ ನಮ್ಮ ಜಿಲ್ಲೆಯವರಿಗೆಲ್ಲ ಇದೆ, ಆದರೆ ಅದು ಕಣ್ಣಿಗೆ ಕಂಡದ್ದನ್ನು ಅಟ್ಟಿ ಹಿಡಿಯುವ ಬೇಟೆ ನಾಯಿ ಎಂಬುದನ್ನು ಮರೆತು ಸರಪಳಿಯಲ್ಲಿ ಕಟ್ಟಿ ಸಾಕುವವರೇ ಹೆಚ್ಚು. ಓಟ ಸಿಗದ ಮರಿ ತನ್ನ ಕಸುವನ್ನೆಲ್ಲ ಹಿರಿಯ ನಾಯಿಯ ಮೇಲೆ ತೀರಿಸುತ್ತದೆ, ಅದಕ್ಕೆ ಗುರ್ರೆನ್ನದೆ ಬೇರೆ ದಾರಿ ಇರುವುದಿಲ್ಲ. ಬೇಲಿ ಇರುವ ಹೊಲದಲ್ಲಿ ಬೆಳಗ್ಗೆ ಬೇಗ ಓಡಿಸಿ; ಬೇಸಿಗೆಯಲ್ಲಿ ಹತ್ತು ಗಂಟೆಯ ಮೇಲೆ ಬೇಡ. ಹಿರಿಯದಕ್ಕೆ ಮಾತ್ರ ಪ್ರತಿದಿನ ನಿಮ್ಮೊಂದಿಗೆ, ಮರಿಯಿಲ್ಲದೆ, ಒಂದಿಷ್ಟು ಹೊತ್ತು ಇರಲಿ.

ಉಣ್ಣಿಯ ಬಗ್ಗೆ ಕೇಳಿದ್ದಿರಿ. ಒಂದಕ್ಕೆ ಔಷಧ ಹಾಕಿ ಇನ್ನೊಂದನ್ನು ಬಿಟ್ಟರೆ ವ್ಯರ್ಥ, ಮನೆಯ ಎಲ್ಲ ನಾಯಿಗಳಿಗೂ ಒಂದೇ ದಿನ ಹಾಕಿ, ಗೋಡೆಯ ಸಂದುಗೊಂದುಗಳನ್ನೂ ಸ್ವಚ್ಛ ಮಾಡಿ. ಹಿರಿಯದಕ್ಕೆ ತಂದ ಔಷಧ ಮರಿಗೆ ಆಗದಿರಬಹುದು, ವಯಸ್ಸು ತೂಕ ಹೇಳಿಯೇ ಡಾಕ್ಟರರನ್ನು ಕೇಳಿ. ದನಗಳ ಉಣ್ಣಿಗೆ ಹಾಕುವ ದ್ರವವನ್ನು ಅಂದಾಜಿನ ಮೇಲೆ ನೀರಿಗೆ ಬೆರೆಸಿ ಮರಿಯ ಮೈಗೆ ಸವರುವವರನ್ನು ಕಂಡರೆ ನನಗೆ ಸಿಟ್ಟು ತಡೆಯುವುದಿಲ್ಲ.

ಕೊನೆಗೆ, ಸಹೋದರರೇ, ನಿಮ್ಮ ವಿಡಿಯೋದಲ್ಲಿ ಹಿರಿಯ ನಾಯಿ ಏಳುವಾಗ ಹಿಂಗಾಲು ಎಳೆದಂತೆ ಕಂಡಿತು. ಕೀಲು ನೋವಿರುವ ನಾಯಿಯ ಮೇಲೆ ಮರಿ ಜಿಗಿದರೆ ಅದು ಹೊರಸು ಹಾಕಿದರೂ ಕೌದಿ ಬದಲಿಸಿದರೂ ಮರಿಯನ್ನು ಒಪ್ಪುವುದಿಲ್ಲ, ಆದ್ದರಿಂದ ಈ ವಾರವೇ ಪಶು ಆಸ್ಪತ್ರೆಗೆ ಒಯ್ದು ಸೊಂಟವನ್ನೂ ಹಲ್ಲುಗಳನ್ನೂ ತೋರಿಸಿ. ಅಲ್ಲಿಯ ತನಕ ಮನೆಯಲ್ಲಿರುವ ಮನುಷ್ಯರ ನೋವಿನ ಗುಳಿಗೆಗಳನ್ನು, ಮುಖ್ಯವಾಗಿ ಐಬುಪ್ರೊಫೆನ್ ಇರುವಂಥವನ್ನು, ಅರ್ಧ ಮುರಿದೂ ಕೊಡಬೇಡಿ. ಡಾಕ್ಟರು ಏನು ಹೇಳಿದರೆಂದು ಇಲ್ಲಿಯೇ ಬರೆಯಿರಿ, ಮರಿಯನ್ನು ಹೊರಸಿನಾಚೆ ಯಾವಾಗ ಬಿಡಬಹುದೆಂದು ಆಮೇಲೆ ನೋಡೋಣ.