ಬೈಲುಕುಪ್ಪೆಯ ಟಿಬೆಟನ್ ಯೋಧರನ್ನು ಭೇಟಿಯಾಗಲು ಎನ್‌ಎಸ್‌ಎಸ್ ಮಕ್ಕಳನ್ನು ಕರೆದೊಯ್ಯುವುದು ಹೇಗೆ?

ಹಾಸನದಿಂದ 40 ಎನ್‌ಎಸ್‌ಎಸ್ ಮಕ್ಕಳನ್ನು ಬೈಲುಕುಪ್ಪೆಗೆ ಕರೆದೊಯ್ದು, 1971ರ ಭಾರತ-ಪಾಕಿಸ್ತಾನ ಯುದ್ಧದಲ್ಲಿ ಹೋರಾಡಿದ ಟಿಬೆಟನ್ ಹಿರಿಯರ ಜೊತೆ ಮಾತಾಡಿಸಬೇಕು ಅಂತ ಕೇಳಿದ್ದೀರಿ. ಮೊದಲು ಆ 40 ಅನ್ನು 12ಕ್ಕೆ ಇಳಿಸಿ. ಒಬ್ಬ ಹಿರಿಯರ ಮುಂದೆ ಮೂವರಿಗಿಂತ ಹೆಚ್ಚು ಮಕ್ಕಳು ಕೂತರೆ ಅದು ಮಾತುಕತೆ ಆಗುವುದಿಲ್ಲ, ಸಭೆ ಆಗುತ್ತದೆ. ವೇದಿಕೆ, ಮೈಕು, ಶಾಲು, ಹಾರ ಯಾವುದೂ ಬೇಡ. ಮೈಕು ಕೈಗೆ ಕೊಟ್ಟರೆ ಎರಡು ಮಾತು ಹೇಳಿ ಕೂತುಬಿಡುತ್ತಾರೆ.

ಮಕ್ಕಳಿಗೆ ಹಿಂದಿನ ವಾರವೇ ಹಿನ್ನೆಲೆ ತಿಳಿಸಿ. 1962ರ ನವೆಂಬರ್‌ನಲ್ಲಿ, ಚೀನಾ ಯುದ್ಧದ ಹೊತ್ತಿಗೆ, ಟಿಬೆಟನ್ ನಿರಾಶ್ರಿತರನ್ನೇ ಸೇರಿಸಿ ಭಾರತ ಕಟ್ಟಿದ ಪಡೆ ಸ್ಪೆಷಲ್ ಫ್ರಾಂಟಿಯರ್ ಫೋರ್ಸ್. ಅದರ ಇನ್ನೊಂದು ಹೆಸರು 'ಎಸ್ಟಾಬ್ಲಿಷ್‌ಮೆಂಟ್ 22', ಹಾಗಾಗಿ ಹಿರಿಯರ ಬಾಯಲ್ಲಿ ಅದು 'ಟೂ-ಟೂ'. 1971ರಲ್ಲಿ ಇವರು ಈಗಿನ ಬಾಂಗ್ಲಾದೇಶದ ಚಿತ್ತಗಾಂಗ್ ಬೆಟ್ಟಗಾಡಿನಲ್ಲಿ ಕಾದಾಡಿದರು. ಪಡೆಯೇ ಗುಟ್ಟಾಗಿದ್ದರಿಂದ ಬಹಿರಂಗ ಗೌರವ ಸಿಗಲಿಲ್ಲ. ಪಡೆ ಈಗಲೂ ಇದೆ. ಹಾಗಾಗಿ ತುಕಡಿ, ಜಾಗ, ಆಯುಧದ ವಿವರ ಕೆದಕಬಾರದು. 'ಎಷ್ಟು ಜನರನ್ನು ಕೊಂದಿರಿ' ಅಂತ ಒಬ್ಬ ಹುಡುಗ ಕೇಳಿದರೂ ಸಾಕು, ಅವತ್ತಿನ ಮಾತು ಅಲ್ಲಿಗೇ ನಿಲ್ಲುತ್ತದೆ. ಟಿಬೆಟ್‌ನ ಊರು, ದಾಟಿ ಬಂದ ದಾರಿ, ಬೈಲುಕುಪ್ಪೆಯಲ್ಲಿ ಕಾಡು ಕಡಿದು ಮುಸುಕಿನ ಜೋಳ ಬಿತ್ತಿದ್ದು, ಇವುಗಳಿಂದ ಶುರು ಮಾಡಲಿ. ಯುದ್ಧದ ಮಾತು ಅವರಾಗಿ ಎತ್ತಿದರೆ ಮಾತ್ರ.

ಮೂರು ವಾರ ಮುಂಚೆ ಪ್ರಾಂಶುಪಾಲರ ಪತ್ರವನ್ನು ಸೆಟ್ಲ್‌ಮೆಂಟ್ ಆಫೀಸಿಗೆ, ಅಂದರೆ ಅಲ್ಲಿನ ಟಿಬೆಟನ್ ನೆಲೆಯ ಆಡಳಿತ ಕಚೇರಿಗೆ, ತಲುಪಿಸಿ. ಯಾರು ಮಾತಾಡಲು ಒಪ್ಪುತ್ತಾರೆ, ಮಕ್ಕಳು ಏನು ಕೆಲಸ ಮಾಡಿದರೆ ಉಪಯೋಗ ಅಂತ ಅವರನ್ನೇ ಕೇಳಿ. ಕೇಳದೆ ಹಳೇ ಬಟ್ಟೆಯ ಗಂಟು ಹೊತ್ತುಕೊಂಡು ಹೋಗಬೇಡಿ, ಅದು ಅವಮಾನ.

ಅರಕಲಗೂಡು, ಕೊಣನೂರು, ಕುಶಾಲನಗರದ ದಾರಿ. ಬೆಳಗ್ಗೆ 7ಕ್ಕೆ ಹೊರಟರೆ 10ಕ್ಕೆ ಕೂರಬಹುದು. 45 ನಿಮಿಷ ಸಾಕು. ಎಲ್ಲರೂ 70 ದಾಟಿದವರು, ಮಧ್ಯಾಹ್ನ ದಣಿಯುತ್ತಾರೆ.

ಪಡೆಯಲ್ಲಿ ಕಲಿತ ಹಿಂದಿ ಹಲವರಿಗೆ ಬರುತ್ತದೆ, ಆದರೂ ದುಭಾಷಿ ಇರಲಿ. ಹೆಚ್ಚಾಗಿ ಎಡವುವುದು ಇಲ್ಲೇ: ಮಕ್ಕಳು ದುಭಾಷಿಯ ಮುಖ ನೋಡಿ ಪ್ರಶ್ನೆ ಕೇಳುತ್ತಾರೆ, ಹಿರಿಯರು ಪಕ್ಕದಲ್ಲಿ ಸುಮ್ಮನೆ ಕೂತಿರುತ್ತಾರೆ. ಹಿರಿಯರ ಕಣ್ಣು ನೋಡಿಯೇ ಕೇಳಬೇಕು. ಯಾವ ಕಿವಿ ಚೆನ್ನಾಗಿ ಕೇಳುತ್ತದೆ ಅಂತ ವಿಚಾರಿಸಿ ಆ ಕಡೆ ಕೂರಲಿ. 'ತಾಶಿ ದೆಲೆ' (ಟಿಬೆಟನ್ನರ ನಮಸ್ಕಾರ) ಅಂದು, 'ಪಾಲಾ' ಅಂತ ಕರೆಯಲಿ, ಅಂದರೆ ಅಪ್ಪಾಜಿ.

ಬೆಣ್ಣೆ ಚಹಾ ಕೊಡುತ್ತಾರೆ. ಉಪ್ಪುಪ್ಪು, ಮೇಲೆ ಬೆಣ್ಣೆಯ ಜಿಡ್ಡು ತೇಲುತ್ತಿರುತ್ತದೆ. ಒಂದೊಂದು ಗುಟುಕಿಗೂ ಲೋಟ ಮತ್ತೆ ತುಂಬುತ್ತದೆ. ಸಾಕಾದರೆ ತುಂಬಿದ ಹಾಗೇ ಇಟ್ಟುಕೊಂಡು, ಏಳುವಾಗ ಕುಡಿದರಾಯಿತು.

ಫೋಟೊ, ರೆಕಾರ್ಡಿಂಗ್ ಕೇಳಿಯೇ ಮಾಡಿ. ಗುರುತಿನ ಕಾಗದಗಳ ಫೋಟೊ ಬೇಡವೇ ಬೇಡ. ಇನ್‌ಸ್ಟಾಗ್ರಾಂಗೆ ಏನೂ ಹಾಕಕೂಡದು ಅಂತ ಬಸ್ಸು ಹತ್ತುವ ಮುಂಚೆಯೇ ಹೇಳಿ.

ಎರಡನೇ ಭೇಟಿ ಕಡ್ಡಾಯ ಇಟ್ಟುಕೊಳ್ಳಿ, ಅದೇ ಮಕ್ಕಳು, ಅದೇ ಹಿರಿಯರು. ಚಳಿಗಾಲದಲ್ಲಿ ಅಲ್ಲಿನ ಎಷ್ಟೋ ಮನೆಯವರು ಸ್ವೆಟರ್ ಮಾರಲು ಊರೂರಿಗೆ ಹೋಗಿರುತ್ತಾರೆ, ಹಿರಿಯರಿಗೆ ಮಾತಿಗೆ ಜನ ಇರುವುದಿಲ್ಲ. ಆಗ ಹೋಗಿ, ಮೊದಲ ಸಲದ ಫೋಟೊ ಪ್ರಿಂಟ್ ಹಾಕಿಸಿ ಕೈಗೆ ಕೊಡಲಿ.